ಕೊಯ್ಯದ ಮೆಕ್ಕೆಜೋಳ, ಕಾಣದ ಜಿಂಕೆ

2009ರ ನವೆಂಬರ್ 21ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂಬತ್ತು ದಿನಗಳ ಬಂದೂಕು ಬೇಟೆಯ ಹಂಗಾಮು ಶುರುವಾಯಿತು. ಆರು ಲಕ್ಷಕ್ಕೂ ಹೆಚ್ಚು ಮಂದಿ ಪರವಾನಗಿ ಪಡೆದಿದ್ದರು. ಹಂಗಾಮು ಮುಗಿದಾಗ ಸಿಕ್ಕ ಬಿಳಿಬಾಲದ ಜಿಂಕೆಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ 30ರಷ್ಟು ಇಳಿದಿತ್ತು. ಆ ವರ್ಷ ಮಳೆ ಬಿಡದೆ ಸುರಿದು, ಇಡೀ ಮಧ್ಯಪಶ್ಚಿಮ ಸೀಮೆಯಲ್ಲಿ ಮೆಕ್ಕೆಜೋಳದ ಕಟಾವು ಹಿಂದೆ ಬಿದ್ದಿತ್ತು. ಸಾಮಾನ್ಯವಾಗಿ ನವೆಂಬರ್ ಮಧ್ಯದ ಹೊತ್ತಿಗೆ ದೇಶದ ಮೆಕ್ಕೆಜೋಳದಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಭಾಗ ಕಣಜ ಸೇರಿರುತ್ತದೆ. ಆ ಸಲ ಅರ್ಧದಷ್ಟು ಇನ್ನೂ ಹೊಲದಲ್ಲೇ ನಿಂತಿತ್ತು. ಜಿಂಕೆಗಳೆಲ್ಲ ಆ ಬೆಳೆಯೊಳಗೆ ಅಡಗಿವೆ ಎಂದು ಒಂದು ಪಕ್ಷ ಹೇಳಿತು. ಜಿಂಕೆಗಳೇ ಇಲ್ಲ, ರಾಜ್ಯದ ವನ್ಯಜೀವಿ ಇಲಾಖೆ ಜೋಳದ ನೆಪ ಹೇಳುತ್ತಿದೆ ಎಂದು ಇನ್ನೊಂದು ಪಕ್ಷ ಸಿಟ್ಟಾಯಿತು. ಕಟಾವು ತಡವಾದ ಪ್ರತಿ ವರ್ಷವೂ ಈ ವಾದ ಮರುಕಳಿಸುತ್ತದೆ. ಇದರಲ್ಲಿ ಬೇಟೆಯಷ್ಟೇ ಅಲ್ಲ, ಒಂದು ಕಾಡುಪ್ರಾಣಿಯನ್ನು ಎಣಿಸುವ ಬಗೆ, ರೈತನ ನಷ್ಟ, ಆಮಿಷದ ಕಾನೂನು, ಒಂದು ಭೀಕರ ರೋಗ ಎಲ್ಲವೂ ಹೆಣೆದುಕೊಂಡಿವೆ.

ಹೊಲ ಹೇಗೆ ಜಿಂಕೆಯ ಸೀಮೆಯಾಯಿತು

ಬೆಳೆಯ ಅಂಚಿನಲ್ಲಿ ಬೇಟೆಯಾಡುವುದು ಅಮೆರಿಕ ಖಂಡದಲ್ಲಿ ಹೊಸದಲ್ಲ. ತೋಟಕ್ಕೆ ನುಗ್ಗಿದ ಪ್ರಾಣಿಯನ್ನು ಹೊಡೆದರೆ ಬೆಳೆ ಉಳಿಯುತ್ತದೆ, ಮಾಂಸವೂ ಸಿಗುತ್ತದೆ. ಪುರಾತತ್ತ್ವಜ್ಞೆ ಓಲ್ಗಾ ಲಿನಾರೆಸ್ 1976ರಲ್ಲಿ ಪನಾಮಾದ ಅವಶೇಷಗಳನ್ನು ಆಧರಿಸಿ ಇದನ್ನು ‘ತೋಟದ ಬೇಟೆ’ ಎಂದು ವಿವರಿಸಿದರು. ಬೇಟೆಗಾರ ಕಾಡಿಗೆ ಹೋಗಬೇಕಿಲ್ಲ, ಬೆಳೆಯೇ ಪ್ರಾಣಿಯನ್ನು ಅವನ ಬಳಿಗೆ ಕರೆತರುತ್ತದೆ ಎಂಬುದು ಆ ವಾದದ ತಿರುಳು. ಮೆಕ್ಕೆಜೋಳ ಹುಟ್ಟಿ ಹರಡಿದ ಖಂಡದಲ್ಲಿ ಈ ನಂಟು ಸಾವಿರಾರು ವರ್ಷ ಹಳೆಯದು.

ಇಂದಿನ ಸನ್ನಿವೇಶಕ್ಕೆ ಮಾತ್ರ ಬೇರೆಯದೇ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸಿಗರು ಹುಲ್ಲುಗಾವಲು ಉತ್ತು, ಕಾಡು ಕಡಿದು, ಮಾರುಕಟ್ಟೆಗಾಗಿ ಲಗಾಮಿಲ್ಲದೆ ಹೊಡೆದು ಜಿಂಕೆಯನ್ನು ಬಹುತೇಕ ಮುಗಿಸಿದ್ದರು. 1900ರ ಸುಮಾರಿಗೆ ಇಡೀ ದೇಶದಲ್ಲಿ ಉಳಿದಿದ್ದ ಬಿಳಿಬಾಲದ ಜಿಂಕೆಗಳು ಮೂರರಿಂದ ಐದು ಲಕ್ಷ ಎಂಬುದು ಸಾಮಾನ್ಯ ಅಂದಾಜು. ಅಯೋವಾ ರಾಜ್ಯ 1898ರಲ್ಲಿ ಬೇಟೆಯನ್ನೇ ನಿಲ್ಲಿಸಿತು. ಮತ್ತೆ ಹಂಗಾಮು ತೆರೆದದ್ದು 1953ರಲ್ಲಿ. ನೆರೆಯ ಇಲಿನಾಯ್‌ನಲ್ಲಿ 1957ರಲ್ಲಿ. ಈ ನಡುವೆ ಕಾಡುಪ್ರಾಣಿಗಳ ಮಾಂಸದ ಅಂತರರಾಜ್ಯ ವ್ಯಾಪಾರಕ್ಕೆ ಕಡಿವಾಣ ಹಾಕಿದ 1900ರ ಲೇಸಿ ಕಾಯ್ದೆ ಬಂತು. ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಪುನರುಜ್ಜೀವನಕ್ಕೆ ಮೀಸಲಿಟ್ಟ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯೂ ಬಂತು. ಈಗ ದೇಶದಲ್ಲಿ ಸುಮಾರು ಮೂರು ಕೋಟಿ ಜಿಂಕೆಗಳಿವೆ ಎಂದು ಲೆಕ್ಕ ಹಾಕುತ್ತಾರೆ. ಅಯೋವಾದಲ್ಲಿ ಮೊದಲ ಹಂಗಾಮಿನಲ್ಲಿ ಸಿಕ್ಕಿದ್ದು ನಾಲ್ಕು ಸಾವಿರದಷ್ಟು. ಈಚಿನ ವರ್ಷಗಳಲ್ಲಿ ಅದು ಲಕ್ಷದ ಆಸುಪಾಸು.

ಜಿಂಕೆ ಮರಳಿ ಬಂದಾಗ ಅದಕ್ಕೆ ಸಿಕ್ಕಿದ್ದು ಹಳೆಯ ಭೂಮಿಯಲ್ಲ. ಅಯೋವಾದ ಒಟ್ಟು ನೆಲ ಸುಮಾರು 3.6 ಕೋಟಿ ಎಕರೆ, ಅದರಲ್ಲಿ 1.3 ಕೋಟಿ ಎಕರೆ ಮೆಕ್ಕೆಜೋಳ. ಹಾವೇರಿ, ದಾವಣಗೆರೆಯ ಕಡೆ ಗೋವಿನಜೋಳದ ನಡುವೆ ಓಡಾಡಿದವರಿಗೂ ಈ ವಿಸ್ತಾರ ಕಣ್ಣಿಗೆ ಕಟ್ಟುವುದು ಕಷ್ಟ. ಜುಲೈನಿಂದ ಅಕ್ಟೋಬರ್‌ವರೆಗೆ ರಾಜ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಆಳೆತ್ತರ ಮೀರಿದ ಬೆಳೆಯಿಂದ ಮುಚ್ಚಿರುತ್ತದೆ. ಆಮೇಲೆ ಕೆಲವೇ ವಾರಗಳಲ್ಲಿ ಎಲ್ಲವೂ ಬಯಲು. ಕಾಡಿನಲ್ಲಿ ಋತು ಬದಲಾದರೆ ಎಲೆ ಉದುರುತ್ತದೆ, ಮರ ನಿಂತಿರುತ್ತದೆ. ಇಲ್ಲಿ ಇಡೀ ಅಡಗುದಾಣವೇ ಒಂದು ಯಂತ್ರದ ಬಾಯಿಗೆ ಹೋಗುತ್ತದೆ. ಈ ಏಕಾಏಕಿ ಬದಲಾವಣೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಿನ ಯಾವ ವಾದವೂ ಅರ್ಥವಾಗುವುದಿಲ್ಲ.

ಕಟಾವು ತಡವಾಗುವುದೇಕೆ

ಬೆಳೆ ಬಲಿತ ದಿನವೇ ರೈತ ಕಂಬೈನ್ ಕಟಾವು ಯಂತ್ರ ಇಳಿಸುವುದಿಲ್ಲ. ಕಾಳು ಪೂರ್ತಿ ಬಲಿತಾಗಲೂ ಅದರಲ್ಲಿ ಶೇ 30ಕ್ಕೂ ಹೆಚ್ಚು ತೇವ ಇರುತ್ತದೆ. ಕಣಜದಲ್ಲಿ ಕೆಡದಂತೆ ಉಳಿಯಬೇಕಾದರೆ ಅದು ಶೇ 15ರ ಹತ್ತಿರಕ್ಕೆ ಇಳಿಯಬೇಕು. ನಡುವಿನ ತೇವವನ್ನು ಬಿಸಿಲು-ಗಾಳಿ ಪುಕ್ಕಟೆ ಇಳಿಸುತ್ತವೆ, ಇಲ್ಲವೇ ಪ್ರೊಪೇನ್ ಅನಿಲ ಉರಿಸಿ ಒಣಗಿಸಬೇಕು. ಹಾಗಾಗಿ ಹೊಲದಲ್ಲೇ ಒಣಗಲಿ ಎಂದು ಕಾಯುವುದರಲ್ಲಿ ದುಡ್ಡಿನ ಲೆಕ್ಕವಿದೆ. 2019ರಲ್ಲಿ ವಸಂತದ ಮಳೆಯಿಂದ ಬಿತ್ತನೆಯೇ ತಡವಾಗಿ, ಶರತ್ಕಾಲದಲ್ಲಿ ಪ್ರೊಪೇನ್ ಕೊರತೆಯೂ ಸೇರಿ, ನಾರ್ತ್ ಡಕೋಟಾದಲ್ಲಿ ಡಿಸೆಂಬರ್ ಮೊದಲ ಭಾಗದಲ್ಲೂ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ ಹೊಲದಲ್ಲಿ ನಿಂತಿತ್ತು. ಅದರಲ್ಲಿ ಬಹಳಷ್ಟು ಹಿಮದಡಿಯೇ ಚಳಿಗಾಲ ಕಳೆಯಿತು.

ಬೇಟೆಯ ಹಂಗಾಮಿಗಾದರೋ ಬೆಳೆಯ ಪರಿವೆಯಿಲ್ಲ. ಅದು ಪಂಚಾಂಗಕ್ಕೆ ಕಟ್ಟುಬಿದ್ದಿದೆ. ವಿಸ್ಕಾನ್ಸಿನ್‌ನಲ್ಲಿ ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ಅಯೋವಾದ ಶಾಟ್‌ಗನ್ ಹಂಗಾಮು ಡಿಸೆಂಬರ್‌ನದು. ಸಾಮಾನ್ಯ ವರ್ಷಗಳಲ್ಲಿ ಬೇಟೆಗಾರ ಕಾಲಿಡುವ ಹೊತ್ತಿಗೆ ಹೊಲ ಬರಿದಾಗಿರುತ್ತದೆ. ತಡವಾದ ವರ್ಷಗಳಲ್ಲಿ ಎರಡೂ ಒಂದರ ಮೇಲೊಂದು ಬೀಳುತ್ತವೆ.

ಅಡಗುದಾಣ ಎನ್ನುವವರು

ಇದು ಅತ್ಯಂತ ಹಳೆಯ, ಅತ್ಯಂತ ಜನಪ್ರಿಯ ವಾದ. ಬೇಟೆಗಾರರಲ್ಲಿ ಅನೇಕರು, ರಾಜ್ಯಗಳ ವನ್ಯಜೀವಿ ಇಲಾಖೆಗಳು ಇದನ್ನು ನಂಬುತ್ತವೆ. ಒಂದು ಎಕರೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಗಿಡ, ಸಾಲಿನಿಂದ ಸಾಲಿಗೆ ಒಂದೂವರೆ ಮೊಳಕ್ಕಿಂತ ತುಸು ಹೆಚ್ಚಿನ ಅಂತರ. ಒಳಗೆ ನಿಂತ ಜಿಂಕೆ ಹತ್ತು ಹೆಜ್ಜೆ ಆಚೆಯಿಂದ ಕಾಣದು. ಒಣಗಿದ ಎಲೆಗಳ ಸದ್ದು ಯಾರೇ ಬಂದರೂ ಅದಕ್ಕೆ ಮುನ್ಸೂಚನೆ ಕೊಡುತ್ತದೆ. ಮೇವು ತಲೆಯ ಮಟ್ಟದಲ್ಲೇ ತೂಗುತ್ತಿರುತ್ತದೆ. ಹಗಲು ಹೊರಬರುವ ಅಗತ್ಯವೇ ಇಲ್ಲ. ಮರದ ಮೇಲೆ ಮರಸು ಕೂತವನಿಗೆ ಎಷ್ಟು ಹೊತ್ತಾದರೂ ಏನೂ ಸಿಗುವುದಿಲ್ಲ.

ಈ ವಾದ ಸಿಕ್ಕ ಜಿಂಕೆಗಳ ಸಂಖ್ಯೆಯಲ್ಲಿನ ಏರಿಳಿತದ ಒಂದು ಭಾಗವನ್ನು ಚೆನ್ನಾಗಿ ವಿವರಿಸುತ್ತದೆ. ಒಂದೇ ತಾಲ್ಲೂಕಿನಷ್ಟು ಪ್ರದೇಶದಲ್ಲಿ ಕಟಾವಾದ ಕಡೆ ಬೇಟೆ ಚೆನ್ನಾಗಿ ಆಗಿ, ಕಟಾವಾಗದ ಕಡೆ ಆಗದಿರುವುದಕ್ಕೆ ಬೇರೆ ಕಾರಣ ಹುಡುಕುವುದು ಕಷ್ಟ. ಜೋಳ ಕೊಯ್ದ ಸಂಜೆಯೇ ಅಂಚಿನಲ್ಲಿ ಹಠಾತ್ತನೆ ಜಿಂಕೆಗಳು ಕಾಣಿಸಿಕೊಳ್ಳುವುದನ್ನು ಆ ಸೀಮೆಯ ಪ್ರತಿ ಬೇಟೆಗಾರನೂ ಬಲ್ಲ.

ನೆಪ ಎನ್ನುವವರು

ಎದುರು ಪಕ್ಷಕ್ಕೂ ಗಟ್ಟಿ ಪುರಾವೆಗಳಿವೆ. 2009ರ ವಿಸ್ಕಾನ್ಸಿನ್ ಇಳಿಕೆ ಜೋಳವೇ ವಿರಳವಾದ ಉತ್ತರದ ಕಾಡುಸೀಮೆಯಲ್ಲೂ ಕಂಡಿತ್ತು. ಅಲ್ಲಿ ಜಿಂಕೆ ಅಡಗಲು ಹೊಲಗಳೇ ಇರಲಿಲ್ಲ. ಅದೇ ವರ್ಷ ರಾಜ್ಯ ತನ್ನ ನಿಯಮವನ್ನೂ ಸಡಿಲಿಸಿತ್ತು. ಅದಕ್ಕೆ ಹಿಂದೆ ಅನೇಕ ಘಟಕಗಳಲ್ಲಿ ಕೊಂಬಿನ ಗಂಡು ಹೊಡೆಯಬೇಕಾದರೆ ಮೊದಲು ಕೊಂಬಿಲ್ಲದ ಒಂದು ಜಿಂಕೆಯನ್ನು ಹೊಡೆದಿರಬೇಕು ಎಂಬ ‘ಅರ್ನ್-ಎ-ಬಕ್’ ನಿಯಮವಿತ್ತು. ಆ ಸಲ, ಮುಂದೆ ಹೇಳುವ ರೋಗವಿರುವ ವಲಯ ಬಿಟ್ಟು ಉಳಿದೆಡೆ ಅದನ್ನು ತಡೆಹಿಡಿಯಲಾಗಿತ್ತು. ಹೆಣ್ಣು ಜಿಂಕೆ ಹೊಡೆಯುವ ಒತ್ತಾಯ ಹೋದರೆ ಒಟ್ಟು ಸಂಖ್ಯೆ ತಾನಾಗಿ ಇಳಿಯುತ್ತದೆ.

ಮರುವರ್ಷವೇ ಒಂದು ಸಹಜ ಪ್ರಯೋಗ ಒದಗಿಬಂತು. 2010ರಲ್ಲಿ ಒಣ ಹವೆಯಿಂದ ಕಟಾವು ಬಹಳ ಬೇಗ ಮುಗಿದಿತ್ತು. ಜೋಳವೊಂದೇ ಕಾರಣವಾಗಿದ್ದರೆ ಸಂಖ್ಯೆ 2008ರ ಮಟ್ಟಕ್ಕೆ ಜಿಗಿಯಬೇಕಿತ್ತು. ಏರಿತೇನೋ ನಿಜ, ಆದರೆ ಆ ಮಟ್ಟಕ್ಕೆ ಹತ್ತಿರವೂ ಬರಲಿಲ್ಲ.

2019ರಲ್ಲಿ ಮತ್ತೆ ನಾಲ್ಕನೇ ಒಂದು ಭಾಗದಷ್ಟು ಇಳಿಕೆಯಾದಾಗ ಇನ್ನೊಂದು ಸಂಗತಿ ಮುನ್ನೆಲೆಗೆ ಬಂತು. 2018ರಲ್ಲಿ ಹಂಗಾಮು ಸಾಧ್ಯವಿದ್ದಷ್ಟು ಬೇಗ, ನವೆಂಬರ್ 17ಕ್ಕೆ ಶುರುವಾಗಿತ್ತು. 2019ರಲ್ಲಿ ಸಾಧ್ಯವಿದ್ದಷ್ಟು ತಡವಾಗಿ, ನವೆಂಬರ್ 23ಕ್ಕೆ. ಜಿಂಕೆಗಳ ಬೆದೆಗಾಲ ನವೆಂಬರ್ ಮೊದಲ ಎರಡು ವಾರಗಳಲ್ಲಿ ತುದಿ ಮುಟ್ಟುತ್ತದೆ. ಆಗ ಗಂಡುಗಳು ಎಚ್ಚರ ಮರೆತು ಹಗಲಲ್ಲೂ ಅಲೆಯುತ್ತವೆ. ಆರು ದಿನ ತಡವೆಂದರೆ ಆ ಅಲೆದಾಟದ ಬಾಲವೂ ಕೈತಪ್ಪಿದಂತೆ. ಹೊಲದಲ್ಲಿ ಜೋಳವೂ ನಿಂತಿತ್ತು, ದಿನಾಂಕವೂ ಸರಿದಿತ್ತು. ಎರಡನ್ನೂ ಬಿಡಿಸಿ ಇದರ ಪಾಲು ಇಷ್ಟು, ಅದರ ಪಾಲು ಇಷ್ಟು ಎಂದು ಹೇಳಬಲ್ಲ ದತ್ತಾಂಶವಿಲ್ಲದೆಯೇ ಎರಡೂ ಪಕ್ಷ ಗೆದ್ದೆವು ಎಂದವು.

ಈ ಜಗಳ ಇಷ್ಟು ಕಾವೇರಲು ಕಾರಣವಿದೆ. ವಿಸ್ಕಾನ್ಸಿನ್ ಬಹುಕಾಲ ತನ್ನ ಜಿಂಕೆಗಳ ಸಂಖ್ಯೆಯನ್ನು ಅಂದಾಜಿಸಿದ್ದು ಬೇಟೆಯಲ್ಲಿ ಸಿಕ್ಕ ಗಂಡುಗಳ ಸಂಖ್ಯೆ, ಅವುಗಳ ವಯಸ್ಸು, ಹೆಣ್ಣು-ಮರಿಗಳ ಅನುಪಾತ ಇವನ್ನು ಹಿಡಿದು ಹಿಂದಕ್ಕೆ ಲೆಕ್ಕ ಕಟ್ಟುವ ವಿಧಾನದಿಂದ. ಗಂಡುಗಳಲ್ಲಿ ಪ್ರತಿ ವರ್ಷ ಬೇಟೆಗೆ ಬೀಳುವ ಪಾಲು ಹೆಚ್ಚು ಕಡಿಮೆ ಒಂದೇ ಎಂಬ ಊಹೆಯ ಮೇಲೆ ಅದು ನಿಂತಿದೆ. ನಿಂತ ಜೋಳ ಆ ಪಾಲನ್ನೇ ಬದಲಿಸಿದರೆ ಲೆಕ್ಕವೇ ತಪ್ಪುತ್ತದೆ: ಇರುವ ಜಿಂಕೆ ಇಲ್ಲವೆಂದು ಬರುತ್ತದೆ. ಹಿಮ ಬಿದ್ದ ಮೇಲೆ ಆಕಾಶದಿಂದ ಎಣಿಸುವ ರಾಜ್ಯಗಳಿಗೂ ಕೊಯ್ಯದ ಹೊಲ ಅಡ್ಡಿಯೇ. ಅಪನಂಬಿಕೆ ಬೆಳೆದು, ರಾಜ್ಯ 2011ರಲ್ಲಿ ಟೆಕ್ಸಸ್‌ನ ಜಿಂಕೆ ತಜ್ಞ ಜೇಮ್ಸ್ ಕ್ರೋಲ್ ಅವರನ್ನು ಪರಿಶೀಲನೆಗೆ ನೇಮಿಸಿತು. ಅವರ 2012ರ ವರದಿಯ ನಂತರ ಜಿಲ್ಲಾವಾರು ಸಲಹಾ ಸಮಿತಿಗಳು ಬಂದವು.

ಹಾಗೆಂದು ಇದು ಹೊಸ ಅಪನಂಬಿಕೆಯೂ ಅಲ್ಲ. ಅಯೋವಾದ ಬರ್ಲಿಂಗ್ಟನ್‌ನಲ್ಲಿ ಹುಟ್ಟಿ, 1933ರಲ್ಲಿ ‘ಗೇಮ್ ಮ್ಯಾನೇಜ್‌ಮೆಂಟ್’ ಬರೆದ ಆಲ್ಡೊ ಲಿಯೊಪೋಲ್ಡ್ ಕೂಡ 1943ರಲ್ಲಿ ಹೆಣ್ಣು ಜಿಂಕೆಗಳ ಬೇಟೆಯನ್ನು ಬೆಂಬಲಿಸಿದ್ದಕ್ಕೆ ಅದೇ ವಿಸ್ಕಾನ್ಸಿನ್ ಬೇಟೆಗಾರರಿಂದ ಕಟು ಟೀಕೆ ಉಂಡರು. ಜಿಂಕೆ ಹೆಚ್ಚಿದೆ ಎಂದು ತಜ್ಞ, ಎಲ್ಲಿದೆ ತೋರಿಸು ಎಂದು ಬೇಟೆಗಾರ. ಜೋಳ ಈ ಹಳೆಯ ಜಗಳಕ್ಕೆ ಸಿಕ್ಕ ಹೊಸ ಸಾಕ್ಷಿ ಮಾತ್ರ.

ಕೊರಳಪಟ್ಟಿ ಹೇಳಿದ್ದು

ಮೂರನೆಯ ಪಕ್ಷ ಜಿಂಕೆಯ ಹಿಂದೆಯೇ ಹೋದವರದು. ನೆಬ್ರಾಸ್ಕಾ-ಅಯೋವಾ ಗಡಿಯಲ್ಲಿ, ಮಿಸ್ಸೂರಿ ನದಿಯ ಬಳಿ ಡಿಸೋಟೊ ಎಂಬ ವನ್ಯಜೀವಿ ಆಶ್ರಯವಿದೆ. ಅಲ್ಲಿ ಕರ್ಟ್ ವರ್ಕಾಟೆರನ್ ಮತ್ತು ಸ್ಕಾಟ್ ಹಿಗ್ನ್‌ಸ್ಟ್ರಾಮ್ ಹೆಣ್ಣು ಜಿಂಕೆಗಳಿಗೆ ರೇಡಿಯೊ ಪಟ್ಟಿ ತೊಡಿಸಿ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಮೆಕ್ಕೆಜೋಳ ಸೂಲಂಗಿ ಬಿಟ್ಟು ತೆನೆ ಕಟ್ಟುವ ಹೊತ್ತಿಗೆ ಜಿಂಕೆಗಳ ಓಡಾಟದ ಕೇಂದ್ರ ಹೊಲದ ಕಡೆ ಸರಿಯಿತು. ಕಟಾವಾದ ಮೇಲೆ ಮತ್ತೆ ಮರಗಿಡಗಳ ಕಡೆ ಸರಿದು, ಓಡಾಟದ ವ್ಯಾಪ್ತಿ ಹಿಗ್ಗಿತು. ಈ ಸರಿತ ಮೀಟರುಗಳ ಲೆಕ್ಕದ್ದು, ಮೈಲಿಗಳದ್ದಲ್ಲ.

ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಹೆಚ್ಚು ತೂಕವಿರುವುದು ಈ ಸಣ್ಣ ಸರಿತಕ್ಕೇ. ಜಿಂಕೆ ಊರು ಬಿಟ್ಟು ಹೋಗಿಲ್ಲ, ಬೇಲಿಯ ಆ ಬದಿಯಿಂದ ಈ ಬದಿಗೆ ಬಂದಿದೆ ಅಷ್ಟೆ. ಮರದ ಮೇಲೆ ಕೂತವನಿಗೆ ಆ ಇನ್ನೂರು ಹೆಜ್ಜೆ ಇರುವಿಕೆಗೂ ಇಲ್ಲದಿರುವಿಕೆಗೂ ನಡುವಿನ ದೂರ. ನಿಂತ ಜೋಳ ಎಷ್ಟು ಜಿಂಕೆಗಳಿವೆ ಎಂಬುದನ್ನು ಬದಲಿಸುವುದಿಲ್ಲ, ಯಾರಿಗೆ ಯಾವಾಗ ಕಾಣುತ್ತವೆ ಎಂಬುದನ್ನು ಬದಲಿಸುತ್ತದೆ. ಬೇಟೆಗಾರರ ಅನುಭವ ಸುಳ್ಳಲ್ಲ. ಆ ಅನುಭವವನ್ನು ಇಡೀ ರಾಜ್ಯದ ಗಣತಿಯಾಗಿ ಹಿಗ್ಗಿಸುವುದು ತಪ್ಪು. ಇಲಾಖೆಗಳೂ ಅದೇ ತಪ್ಪನ್ನು ಎದುರು ದಿಕ್ಕಿನಿಂದ ಮಾಡುತ್ತವೆ. ಹೊಲ ಹೊಲಕ್ಕೆ ಬೇರೆಯಾಗುವ ಪರಿಣಾಮವನ್ನು ರಾಜ್ಯದ ಒಟ್ಟು ಇಳಿಕೆಗೆ ಸಮಜಾಯಿಷಿಯಾಗಿ ಕೊಡುತ್ತವೆ.

ಸಾಲುಗಳ ನಡುವೆ

ನಿಂತ ಬೆಳೆಯನ್ನು ಶಪಿಸದೆ ಅದರೊಳಗೇ ಬೇಟೆಯಾಡುವವರೂ ಇದ್ದಾರೆ. ಜೋರು ಗಾಳಿಯಿರುವ ದಿನ ಆರಿಸಿಕೊಳ್ಳುತ್ತಾರೆ, ಎಲೆಗಳ ಸದ್ದಿನಲ್ಲಿ ಹೆಜ್ಜೆ ಸದ್ದು ಕರಗುತ್ತದೆ. ಸಾಲುಗಳ ಉದ್ದಕ್ಕೆ ನಡೆಯದೆ ಅಡ್ಡಲಾಗಿ, ಗಾಳಿಗೆ ಮುಖವಾಗಿ ಸಾಗುತ್ತಾರೆ. ಪ್ರತಿ ಸಾಲಿಗೂ ನಿಂತು, ತಲೆಯಷ್ಟೇ ಹೊರಹಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಮಲಗಿದ ಜಿಂಕೆಯ ಕಿವಿಯೋ ಬೆನ್ನೋ ಕಂಡೀತೆಂದು ಹುಡುಕುತ್ತಾರೆ. ದೊಡ್ಡ ಹೊಲವೊಂದನ್ನು ಹೀಗೆ ದಾಟಲು ಅರ್ಧ ದಿನ ಬೇಕು. ಇದಕ್ಕೆ ಬೇಕಾದ ತಾಳ್ಮೆ ಮತ್ತು ಪ್ರಾಣಿಯ ಅರಿವು ದೊಡ್ಡದು, ಬೇಟೆಯ ಪರ ಇರುವವರೂ ವಿರುದ್ಧ ಇರುವವರೂ ಅದನ್ನು ಒಪ್ಪಬೇಕು.

ಇನ್ನೊಂದು ಬಗೆ, ನಮ್ಮ ಮಲೆನಾಡಿನ ಹಳಬರು ಬಲ್ಲ ಸೋವುಬೇಟೆಯಂಥದು. ಕೆಲವರು ಸಾಲಾಗಿ ಹೊಲದೊಳಗೆ ನುಗ್ಗಿ ಎಬ್ಬಿಸುತ್ತಾರೆ, ಉಳಿದವರು ತುದಿಯಲ್ಲಿ ಬಂದೂಕು ಹಿಡಿದು ಕಾಯುತ್ತಾರೆ. ಅಯೋವಾ, ಇಲಿನಾಯ್‌ಗಳಲ್ಲಿ ಇದು ಬಯಲುಸೀಮೆಯ ಸಂಪ್ರದಾಯವೇ ಆಗಿದೆ. ಅಪಾಯವೂ ಇಲ್ಲೇ. ಆಳೆತ್ತರ ಮೀರಿದ ಬೆಳೆಯಲ್ಲಿ ಬೇಟೆಗಾರರು ಸುರಕ್ಷತೆಗೆ ತೊಡುವ ಕಿತ್ತಳೆ ಬಣ್ಣದ ಅಂಗಿಯೂ ಮರೆಯಾಗುತ್ತದೆ, ಸಮತಟ್ಟು ನೆಲದಲ್ಲಿ ಗುಂಡನ್ನು ತಡೆಯುವ ದಿಣ್ಣೆಯಿಲ್ಲ. ಈ ರಾಜ್ಯಗಳು ದೂರ ಹಾರುವ ರೈಫಲ್‌ಗಳನ್ನು ದಶಕಗಳ ಕಾಲ ದೂರವಿಟ್ಟು ಶಾಟ್‌ಗನ್‌ಗಳಿಗೆ ಅಂಟಿಕೊಂಡಿದ್ದಕ್ಕೆ ಸಮತಟ್ಟು ನೆಲವೂ ಒಂದು ಕಾರಣ. ಬೆಳೆಯೊಳಗೆ ಯಾರಿದ್ದಾರೆಂದು ತಿಳಿಯದೆ ಅದರ ಕಡೆಗೆ ಗುಂಡು ಹಾರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬೆಳೆಯೋ ಆಮಿಷವೋ

ಅಯೋವಾ, ಇಲಿನಾಯ್, ಮಿನ್ನೆಸೋಟಾಗಳಲ್ಲಿ ಜಿಂಕೆಗೆ ಕಾಳು ಚೆಲ್ಲಿ ಬೇಟೆಯಾಡುವುದು ನಿಷಿದ್ಧ. ಓಹಾಯೊದಲ್ಲಿ ಖಾಸಗಿ ಜಮೀನಿನಲ್ಲಿ ಅದಕ್ಕೆ ಅವಕಾಶವಿದೆ. ಆದರೆ ನಿಷೇಧವಿರುವ ಕಡೆಯೂ ರೂಢಿಯ ಬೇಸಾಯದಿಂದ ಹೊಲದಲ್ಲಿ ಉಳಿದ ಬೆಳೆಯ ಅಂಚಿನಲ್ಲಿ ಕೂರಬಹುದು. ಹತ್ತು ಸೇರು ಜೋಳ ಸುರಿದರೆ ಅಪರಾಧ, ಹತ್ತು ಎಕರೆ ಜೋಳ ಬಿಟ್ಟರೆ ಬೇಸಾಯ. ಬಾತುಕೋಳಿಯ ಬೇಟೆಯಲ್ಲಿ ಒಕ್ಕೂಟ ಸರ್ಕಾರದ ನಿಯಮ ಇನ್ನೂ ಸೂಕ್ಷ್ಮ: ನಿಂತ ಜೋಳದ ಬಳಿ ಹೊಡೆಯಬಹುದು, ಹಕ್ಕಿಗಳು ಬರಲೆಂದು ಅದೇ ಜೋಳವನ್ನು ಸವರಿ ಬೀಳಿಸಿದರೆ ಹೊಡೆಯುವಂತಿಲ್ಲ. ಜಿಂಕೆಗೆ ಹಾಗೆ ದೇಶಕ್ಕೆಲ್ಲ ಒಂದೇ ನಿಯಮವಿಲ್ಲ.

ನ್ಯಾಯವಾದ ಬೇಟೆ ಯಾವುದು ಎಂಬ ಪ್ರಶ್ನೆಯನ್ನು ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಕಾಲದಿಂದ ಕೇಳಲಾಗುತ್ತಿದೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು ಎಂಬುದು ಅದರ ಸಾರ. ನಿಂತ ಹೊಲದಲ್ಲಿ ಆ ಅವಕಾಶ ಧಾರಾಳವಾಗಿದೆ. ಹಾಗಾಗಿ ಸುರಿದ ರಾಶಿಗೂ ನಿಂತ ಬೆಳೆಗೂ ಕಾನೂನು ಮಾಡುವ ಭೇದದಲ್ಲಿ ಅರ್ಥವಿದೆ ಎನ್ನಿಸುತ್ತದೆ. ಕಷ್ಟ ಬರುವುದು ಬೇಟೆಗೆಂದೇ ಬಿತ್ತಿ, ಕೊಯ್ಯದೆ ಬಿಟ್ಟ ಸಣ್ಣ ತುಂಡುಗಳಲ್ಲಿ. 1988ರಲ್ಲಿ ಆರಂಭವಾದ ಕ್ವಾಲಿಟಿ ಡೀರ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್‌ನಂಥ ಸಂಸ್ಥೆಗಳ ಪ್ರಭಾವದಿಂದ ಇಂಥ ಮೇವಿನ ತಾಕುಗಳು ಎಲ್ಲೆಡೆ ಹಬ್ಬಿವೆ. ಇವು ರೂಪದಲ್ಲಿ ಬೆಳೆ, ಉದ್ದೇಶದಲ್ಲಿ ಆಮಿಷ.

ರೈತನ ಲೆಕ್ಕ

ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಸುವ ದನಿ ಹೊಲದ ಒಡೆಯನದೇ. ಜೋಳ ನಿಂತಷ್ಟು ದಿನ ಗಾಳಿಗೆ ಗಿಡ ಒರಗುತ್ತದೆ, ತೆನೆ ಉದುರುತ್ತದೆ, ಜಿಂಕೆಯೂ ತಿನ್ನುತ್ತದೆ. ವಿಸ್ಕಾನ್ಸಿನ್‌ನಲ್ಲಿ ಬೆಳೆಹಾನಿಗೆ ಪರಿಹಾರ ಕೊಡುವ ಯೋಜನೆಯಿದೆ. ಅದಕ್ಕೆ ಹಣ ಬರುವುದು ಬೇಟೆಯ ಪರವಾನಗಿಗಳಿಂದ, ಪರಿಹಾರ ಪಡೆದವನು ತನ್ನ ಜಮೀನನ್ನು ಬೇಟೆಗಾರರಿಗೆ ತೆರೆಯಬೇಕು. ಆದರೆ ಮೆಕ್ಕೆಜೋಳದ ಹಾನಿಯ ಹೊಣೆಯೆಲ್ಲ ಜಿಂಕೆಯದಲ್ಲ. ಉತ್ತರ ಇಂಡಿಯಾನಾದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಗಿಡ ಗಿಡವಾಗಿ ನೋಡಿದಾಗ ಹಾಳಾದ ಜೋಳದಲ್ಲಿ ಬಹುಪಾಲು ರಕೂನ್‌ಗಳ ಕೆಲಸವಾಗಿತ್ತು, ಜಿಂಕೆಯ ಪಾಲು ಸಣ್ಣದು. ಹಗಲಲ್ಲಿ ಕಣ್ಣಿಗೆ ಬೀಳುವ ದೊಡ್ಡ ಪ್ರಾಣಿಯ ಮೇಲೆ ಆರೋಪ ಬರುವುದು ಸುಲಭ.

ಇನ್ನೂ ಇತ್ಯರ್ಥವಾಗದ್ದು

ತಡವಾದ ಕಟಾವು ಒಂದು ಹಂಗಾಮಿನ ಬೇಟೆಯನ್ನು ಎಷ್ಟು ಇಳಿಸುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಅಳತೆಯಿಲ್ಲ. ಹವಾಮಾನ, ಹಂಗಾಮಿನ ದಿನಾಂಕ, ಪರವಾನಗಿ ನಿಯಮ, ಬೇಟೆಗಾರರ ಸಂಖ್ಯೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಕಟಾವಿನ ವಾರವಾರು ಪ್ರಗತಿಯನ್ನು ಕೃಷಿ ಇಲಾಖೆ ದಾಖಲಿಸುತ್ತದೆ, ಸಿಕ್ಕ ಜಿಂಕೆಯನ್ನು ವನ್ಯಜೀವಿ ಇಲಾಖೆ. ಎರಡನ್ನೂ ಹೊಲದ ಮಟ್ಟದಲ್ಲಿ ಜೋಡಿಸಿದರೆ ಉತ್ತರ ಹತ್ತಿರವಾದೀತು, ಆದರೆ ಕೃಷಿಯ ಅಂಕಿಗಳು ಜಿಲ್ಲೆ-ರಾಜ್ಯಗಳ ಮಟ್ಟದಲ್ಲೇ ನಿಲ್ಲುತ್ತವೆ. ಬೇಟೆಯಿಂದ ಉಳಿದ ಜಿಂಕೆಗಳು ಮರುವರ್ಷದ ಸಂಖ್ಯೆಯನ್ನು ನಿಜಕ್ಕೂ ಏರಿಸುತ್ತವೆಯೇ, ಅಥವಾ ಹಂಗಾಮಿನ ನಂತರದ ಬಿಲ್ಲುಬೇಟೆ, ರಸ್ತೆ ಅಪಘಾತ, ಚಳಿಗಾಲ ಅವನ್ನು ಸರಿದೂಗಿಸುತ್ತವೆಯೇ ಎಂಬುದೂ ತೆರೆದ ಪ್ರಶ್ನೆ.

ಎಲ್ಲಕ್ಕಿಂತ ಭಾರವಾದದ್ದು ರೋಗದ ಪ್ರಶ್ನೆ. 1967ರಲ್ಲಿ ಕೊಲೊರಾಡೊದ ಸಾಕಿದ ಜಿಂಕೆಗಳಲ್ಲಿ ಮೊದಲು ಗಮನಕ್ಕೆ ಬಂದ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ, ಪ್ರಿಯಾನ್ ಎನ್ನುವ ವಿಕೃತ ಪ್ರೋಟೀನಿನಿಂದ ಬರುವ ಕಾಯಿಲೆಗೆ ಔಷಧಿಯಿಲ್ಲ. ತಗುಲಿದ ಜಿಂಕೆ ಸೊರಗಿ ಸಾಯುತ್ತದೆ. 2002ರಲ್ಲಿ ಅದು ವಿಸ್ಕಾನ್ಸಿನ್ ಮತ್ತು ಇಲಿನಾಯ್‌ಗಳಲ್ಲಿ ಪತ್ತೆಯಾಯಿತು, ಈಗ ಮೆಕ್ಕೆಜೋಳದ ಸೀಮೆಯ ಬಹುಭಾಗದಲ್ಲಿದೆ. ಜೊಲ್ಲು, ಮೂತ್ರ, ಹಿಕ್ಕೆಗಳಿಂದ ಹರಡುವ ಈ ಕಾಯಿಲೆಗೆ ಹೆದರಿಯೇ ಅನೇಕ ರಾಜ್ಯಗಳು ಕಾಳಿನ ರಾಶಿಗಳನ್ನು ನಿಷೇಧಿಸಿದವು. ಹತ್ತಾರು ಜಿಂಕೆಗಳು ಒಂದೇ ಜಾಗಕ್ಕೆ ಮೂತಿ ಹಾಕುವುದು ಅಪಾಯ ಎಂಬ ತರ್ಕ ಸ್ಪಷ್ಟ. ಸುತ್ತಲಿನ ಹೊಲವೆಲ್ಲ ಬರಿದಾಗಿ, ಹಿಮದ ನಡುವೆ ಕೊಯ್ಯದ ಒಂದೇ ತುಂಡು ಉಳಿದಾಗ ಅಲ್ಲೂ ಹಾಗೆಯೇ ಜಿಂಕೆಗಳು ಕೂಡುತ್ತವೆ. ಆದರೆ ಅಲ್ಲಿ ಪ್ರತಿ ತೆನೆ ಬೇರೆ ಬೇರೆ ಗಿಡದಲ್ಲಿದೆ, ಜಾಗವೂ ವಿಶಾಲ. ಅಪಾಯ ರಾಶಿಯಷ್ಟೇ ಇದೆಯೋ, ಅದರ ಒಂದಂಶವೋ, ಇಲ್ಲವೇ ಇಲ್ಲವೋ? ಪ್ರಿಯಾನ್‌ಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಸಸ್ಯಗಳಿಗೂ ಅಂಟುತ್ತವೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಉತ್ತು ಬಿತ್ತುವ ಹೊಲದಲ್ಲಿ, ವರ್ಷದಿಂದ ವರ್ಷಕ್ಕೆ, ಅದು ಎಷ್ಟರ ಮಟ್ಟಿಗೆ ಸೋಂಕಾಗಿ ಪರಿಣಮಿಸುತ್ತದೆ ಎಂಬುದು ನಿರ್ಧಾರವಾಗುವವರೆಗೆ, ಬೇಟೆಗೆಂದು ಬೆಳೆ ಬಿಡುವವನಿಗೂ ಮಳೆಯಿಂದಾಗಿ ಬಿಟ್ಟವನಿಗೂ ಕಾನೂನು ಒಂದೇ ಇರಬೇಕೇ ಎಂಬುದನ್ನು ಯಾವ ರಾಜ್ಯವೂ ಖಚಿತವಾಗಿ ಹೇಳಲಾರದು.